ಬಂಡಿಯ ಗಾಲಿ, ಮೈಯ ಗಾಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಎತ್ತಿನಗಾಡಿಯ ಗಾಲಿಯ ಬಗ್ಗೆ ಬಂದಿದ್ದ ಒಂದು ಪ್ರಶ್ನೆಗೆ ಕಳೆದ ಸಂಚಿಕೆಯಲ್ಲಿ ನಾಲ್ಕೇ ಸಾಲಿನ ಉತ್ತರ ಕೊಟ್ಟಿದ್ದೆ. ಅದು ಸಾಲದೆಂದು ಹಲವರು ಮತ್ತೆ ಬರೆದಿದ್ದಾರೆ. ಅದೇ ಹೊತ್ತಿಗೆ, ಮಕ್ಕಳು ಮೈದಾನದಲ್ಲಿ ಹಾಕುವ ‘ಕಾರ್ಟ್‌ವೀಲ್’ ಎಂಬ ಲಾಗದ ಕುರಿತೂ ಪತ್ರಗಳು ಬಂದಿವೆ. ಎರಡಕ್ಕೂ ಇರುವ ನಂಟು ಹೆಸರಿನಷ್ಟಕ್ಕೇ ಮುಗಿಯುವುದಿಲ್ಲವಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಗಾಲಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಪಕ್ಕಕ್ಕೆ ಕೈಯೂರಿ ಕಾಲು ಮೇಲೆ ಮಾಡಿ ತಿರುಗುವ ಲಾಗವನ್ನು ‘ಕಾರ್ಟ್‌ವೀಲ್’ ಎನ್ನುತ್ತಾರೆ. ಮೈ ತಿರುಗುವುದಕ್ಕೆ ಗಾಡಿಯ ಗಾಲಿಯ ಹೆಸರೇಕೆ? ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? (ಶಿಕ್ಷಕರೊಬ್ಬರು, ತಿಪಟೂರು)

ಉತ್ತರ: ಲಾಗಗಳಲ್ಲಿ ಹಲವು ಬಗೆಗಳಿವೆ. ಗಲ್ಲವನ್ನು ಎದೆಗೆ ಒತ್ತಿಕೊಂಡು ಮುಂದಕ್ಕೆ ಉರುಳಿದರೆ ಮೈ ಚೆಂಡಿನ ಹಾಗೆ ಮುದುಡುತ್ತದೆ. ನೀವು ಹೇಳುವ ಲಾಗದಲ್ಲಿ ಮೈ ಮುದುಡುವುದಿಲ್ಲ. ಎರಡು ಕೈ, ಎರಡು ಕಾಲು ನಾಲ್ಕೂ ನೆಟ್ಟಗೆ ಚಾಚಿಕೊಂಡು, ಒಂದೇ ಗೆರೆಯ ಮೇಲೆ, ಒಂದರ ಹಿಂದೆ ಒಂದು ನೆಲ ಮುಟ್ಟುತ್ತಾ ಹೋಗುತ್ತವೆ: ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ, ಅದರ ಹಿಂದೆ ಒಂದು ಕಾಲು, ಕೊನೆಗೆ ಇನ್ನೊಂದು ಕಾಲು. ಎದುರಿಗೆ ನಿಂತು ನೋಡಿದವರಿಗೆ ನಾಲ್ಕು ಅರೆಗಳ, ಅಂದರೆ ನಡುವಿನಿಂದ ಹೊರಸುತ್ತಿಗೆ ಚಾಚಿದ ಕಡ್ಡಿಗಳ, ಗಾಲಿಯೊಂದು ಉರುಳಿ ಹೋದಂತೆ ಕಾಣುತ್ತದೆ. ಹೆಸರು ಬಂದದ್ದು ಈ ನೋಟದಿಂದ.

ಗಾಲಿಯ ನಡುವಿನ ದಪ್ಪ ದಿಮ್ಮಿಯನ್ನು, ಅಂದರೆ ನಮ್ಮ ಬಡಗಿಗಳು ಗುಂಬ ಎನ್ನುವ ಭಾಗವನ್ನು, ಸಂಸ್ಕೃತದಲ್ಲಿ ನಾಭಿ ಎನ್ನುತ್ತಾರೆ. ಹೊಕ್ಕುಳಿಗೂ ಅದೇ ಹೆಸರು. ರಥದ ನಾಭಿಯಲ್ಲಿ ಅರೆಗಳು ನೆಲೆಗೊಂಡಿರುವ ಹೋಲಿಕೆ ಪ್ರಶ್ನೋಪನಿಷತ್ತಿನಲ್ಲಿಯೂ ಮುಂಡಕೋಪನಿಷತ್ತಿನಲ್ಲಿಯೂ ಬರುತ್ತದೆ. ಒಬ್ಬ ಮನುಷ್ಯ ಎರಡೂ ಕೈಗಳನ್ನು ಮೇಲೆತ್ತಿ ನಿಂತಾಗ ಅವನ ಮೈಭಾರದ ನಡುಬಿಂದು ಇರುವುದು ಹೊಕ್ಕುಳಿನ ಆಸುಪಾಸಿನಲ್ಲಿಯೇ. ಲಾಗ ಹಾಕುವಾಗ ಮೈಯೆಲ್ಲ ಸುತ್ತುವುದು ಆ ಬಿಂದುವಿನ ಸುತ್ತ. ಗಾಲಿಯ ನಡುವಿಗೆ ಹೊಕ್ಕುಳಿನ ಹೆಸರಿಟ್ಟವರು ಈ ಲಾಗವನ್ನು ನೆನೆದು ಇಟ್ಟರೆಂದು ನಾನು ಹೇಳುತ್ತಿಲ್ಲ. ಆದರೆ ಆ ಹೆಸರು ಎರಡೂ ಕಡೆ ಇಷ್ಟು ಸರಿಯಾಗಿ ಹೊಂದಿ ಕೂರುವುದನ್ನು ಕಂಡಾಗಲೆಲ್ಲ ನನಗೆ ಹಿಗ್ಗಾಗುತ್ತದೆ.

ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸೈಕಲ್ಲಿನ ಚಕ್ರದ ಕಡ್ಡಿಗಳು ತೆಳ್ಳನೆಯ ತಂತಿಗಳು; ಅವು ಗಟ್ಟಿಯಾಗಿ ನಿಲ್ಲುವುದು ಎಳೆದು ಬಿಗಿದದ್ದರಿಂದ. ಮರದ ಗಾಲಿಯ ಅರೆ ಹಾಗಲ್ಲ. ಅದು ಮನೆಯ ಕಂಬದ ಹಾಗೆ ಭಾರವನ್ನು ತಲೆಯ ಮೇಲೆ ಹೊತ್ತು ನೆಲಕ್ಕೆ ಒತ್ತುತ್ತದೆ. ಗಾಲಿ ಉರುಳುತ್ತಿರುವಾಗ ಕೆಳಗೆ ಬಂದ ಒಂದೆರಡು ಅರೆಗಳು ಹೇರಿನ ಬಹುಪಾಲನ್ನು ಹೊತ್ತು, ಮುಂದಿನ ಅರೆಗೆ ದಾಟಿಸಿ ಮೇಲಕ್ಕೆ ಹೋಗುತ್ತವೆ. ಲಾಗ ಹಾಕುವ ಮಗುವಿನ ತೋಳೂ ಆ ಕ್ಷಣದಲ್ಲಿ ಕಂಬವೇ. ಮೊಣಕೈ ಮಡಚಿದರೆ ಕಂಬ ಮುರಿದಂತೆ, ಮೈ ಕುಸಿಯುತ್ತದೆ. ಬಂಡಿಯ ಗಾಲಿಗಿದ್ದು ಮೈಗೆ ಇಲ್ಲದಿರುವುದು ಒಂದೇ: ಹೊರಸುತ್ತು. ಹೊರಸುತ್ತು ಇರುವುದರಿಂದ ಗಾಲಿಯ ಗುಂಬ ನೆಲದಿಂದ ಸದಾ ಒಂದೇ ಎತ್ತರದಲ್ಲಿ ಸಾಗುತ್ತದೆ. ಅದಿಲ್ಲದ ಮೈಯಲ್ಲಿ ಹೊಕ್ಕುಳು ಒಂದೊಂದು ಕೈಕಾಲಿನ ಮೇಲೂ ಏರಿ, ಮುಂದಿನದಕ್ಕೆ ದಾಟುವಾಗ ಇಳಿಯುತ್ತದೆ. ಈ ಏರಿಳಿತವನ್ನು ದಾಟಿಸಲಿಕ್ಕೇ ಆರಂಭದಲ್ಲಿ ಕಾಲನ್ನು ಜೋರಾಗಿ ಬೀಸಬೇಕಾಗುತ್ತದೆ.

ಕನ್ನಡದ ಮಾತಿಗೆ ಬರೋಣ. ಡೊಂಬರಾಟದ ಕಾಲದಿಂದಲೂ ನಮ್ಮಲ್ಲಿ ಇಂಥವೆಲ್ಲಕ್ಕೂ ಲಾಗ ಎಂಬ ಒಂದೇ ಮಾತು ಓಡಾಡುತ್ತಿದೆ. ತಿಪ್ಪರಲಾಗ ಹಾಕಿದರೂ ಆಗದ ಕೆಲಸ ಎಂದು ದಿನವೂ ಆಡುವವರು ನಾವು. ಚಕ್ರಾಸನ ಎಂಬ ಹೆಸರನ್ನು ಇದಕ್ಕೆ ಬಳಸಬೇಡಿ. ಅದು ಬೆನ್ನನ್ನು ಹಿಂದಕ್ಕೆ ಕಮಾನಿನಂತೆ ಬಾಗಿಸಿ ನಿಲ್ಲುವ ಯೋಗಾಸನ, ಅದರಲ್ಲಿ ಉರುಳುವುದೇ ಇಲ್ಲ. ಯಕ್ಷಗಾನದ ಧೀಂಗಿಣವೂ ಬೇರೆ. ಅದರಲ್ಲಿ ಕೈ ನೆಲಕ್ಕೆ ಊರುವುದಿಲ್ಲ. ‘ಗಾಲಿಲಾಗ’ ಎಂದರೆ ಯಾವ ಹಳ್ಳಿಯ ಮಗುವಿಗೂ ಒಂದೇ ಸಲಕ್ಕೆ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿ ನಾನು ಅದನ್ನೇ ಬಳಸುತ್ತೇನೆ.

ಪ್ರಶ್ನೆ: ಗಾಲಿಗೆ ಕಬ್ಬಿಣದ ಹಳಿಯನ್ನು ಕಾಯಿಸಿಯೇ ಏಕೆ ಹಾಕುತ್ತಾರೆ? ಮೊಳೆ ಹೊಡೆದರೆ ಸಾಲದೇ? ಬೇಸಿಗೆಯಲ್ಲಿ ಅದೇ ಹಳಿ ಸಡಿಲವಾಗುವುದೇಕೆ? (ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಮರದ ಗಾಲಿ ಒಂದೇ ತುಂಡಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ನಡುವಿನ ಗುಂಬದಲ್ಲಿ ಕೊರೆದ ತೂತುಗಳಿಗೆ ಅರೆಗಳ ಒಂದು ತುದಿಯನ್ನು ಬಡಿದು ಕೂರಿಸುತ್ತಾರೆ. ಇನ್ನೊಂದು ತುದಿ ಹೊರಸುತ್ತಿನ ಬಾಗುತುಂಡುಗಳಲ್ಲಿ ಸೇರುತ್ತದೆ. ಸಾಮಾನ್ಯವಾಗಿ ಒಂದು ಬಾಗುತುಂಡಿಗೆ ಎರಡು ಅರೆಗಳಂತೆ, 12 ಅರೆಗಳ ಗಾಲಿಗೆ 6 ತುಂಡುಗಳು. ಹೀಗೆ ಹತ್ತೊಂಬತ್ತು ತುಂಡು ಮರಗಳು ಅಂಟಿಲ್ಲದೆ ಒಂದನ್ನೊಂದು ಹಿಡಿದುಕೊಂಡು ನಿಂತಿರುತ್ತವೆ. ಇವೆಲ್ಲವನ್ನೂ ಎಲ್ಲ ಕಡೆಯಿಂದ ಏಕಕಾಲಕ್ಕೆ ಒಳಕ್ಕೆ ಅದುಮಿ ಹಿಡಿಯುವ ಕೆಲಸ ಹಳಿಯದು. ಮೊಳೆ ಹಿಡಿಯುವುದು ತಾನು ಹೊಕ್ಕ ಜಾಗವನ್ನು ಮಾತ್ರ.

ಚಿಕ್ಕವನಿದ್ದಾಗ ನಮ್ಮೂರಿನ ಕುಲುಮೆಯ ಮುಂದೆ ಹಳಿ ಕಟ್ಟುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆಳಗಿನ ಜಾವಕ್ಕೇ ಅಂಗಳದಲ್ಲಿ ಹಳಿಯನ್ನು ಮಲಗಿಸಿ, ಅದರ ಸುತ್ತಲೂ ಬೆರಣಿ ಜೋಡಿಸಿ ಬೆಂಕಿ ಹಾಕಿದ್ದರು. ಬೆರಣಿಯ ಬೆಂಕಿಗೆ ದೊಡ್ಡ ಉರಿ ಇರುವುದಿಲ್ಲ, ಆದರೆ ಕಾವು ಸುತ್ತಲೂ ಸಮನಾಗಿ ಹರಡುತ್ತದೆ. ಪಕ್ಕದಲ್ಲಿ ಗಾಲಿಯನ್ನು ಕಲ್ಲುಗಳ ಮೇಲೆ ಅಂಗಾತ ಇಟ್ಟಿದ್ದರು. ಕಬ್ಬಿಣ ಕೆಂಪಗೆ ತಿರುಗಿದ ಕೂಡಲೇ ಮೂವರು ಉದ್ದನೆಯ ಇಕ್ಕಳ ಹಿಡಿದು ಅದನ್ನು ಎತ್ತಿ ತಂದು ಗಾಲಿಯ ಮೇಲೆ ಇಳಿಸಿ, ಸುತ್ತಿಗೆಯಿಂದ ಸುತ್ತಲೂ ತಟ್ಟಿ ಕೂರಿಸಿದರು. ಮರ ಹೊತ್ತಿಕೊಂಡು ಹೊಗೆ ಎದ್ದಿತು. ತಡಮಾಡದೆ ಕೊಡಗಟ್ಟಲೆ ನೀರು ಸುರಿದರು. ಆಗ ಕೇಳಿದ ಸದ್ದು ನನಗೆ ಈಗಲೂ ನೆನಪಿದೆ: ನೀರಿನ ಚುರ್ ಎಂಬ ಸದ್ದಿನ ಒಳಗಿನಿಂದ, ಅರೆಗಳು ಗುಂಬದೊಳಕ್ಕೆ ಇನ್ನಷ್ಟು ಹೊಕ್ಕು ಕೂರುವಾಗಿನ ಟಕ್, ಟಕ್ ಎಂಬ ಸದ್ದು.

ಇದರ ಲೆಕ್ಕ ಸರಳವಾಗಿದೆ. ನಾಲ್ಕೂವರೆ ಅಡಿ ಅಡ್ಡಳತೆಯ ಗಾಲಿಯ ಸುತ್ತಳತೆ 14 ಅಡಿಗಿಂತ ತುಸು ಹೆಚ್ಚು, ಅಂದರೆ ಸುಮಾರು 4.3 ಮೀಟರ್. ಕಬ್ಬಿಣವನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಿದರೆ ಅದರ ಉದ್ದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 500 ಡಿಗ್ರಿ ಕಾವೇರಿದ ಹಳಿ ಈ ಲೆಕ್ಕದಲ್ಲಿ ಸುಮಾರು ಒಂದು ಅಂಗುಲ ಹಿಗ್ಗುತ್ತದೆ. ಅನುಭವಿಯಾದ ಕಮ್ಮಾರ ತಣ್ಣಗಿದ್ದಾಗ ಗಾಲಿಗೆ ಕೂರಲಾರದಷ್ಟು ಚಿಕ್ಕದಾಗಿ ಹಳಿಯನ್ನು ಬೆಸೆದಿರುತ್ತಾನೆ. ಕಾಯಿಸಿದಾಗ ಅದು ಗಾಲಿಗಿಂತ ದೊಡ್ಡದಾಗಿ ಸಲೀಸಾಗಿ ಇಳಿಯುತ್ತದೆ, ತಣಿದಾಗ ಕುಗ್ಗಿ ಎಲ್ಲ ಕೀಲುಗಳನ್ನೂ ಬಿಗಿಯುತ್ತದೆ. ಚಿಕ್ಕದು ಎಷ್ಟಿರಬೇಕು ಎಂಬುದರಲ್ಲೇ ಅವನ ಕೈಚಳಕ ಇರುವುದು. ಕಡಿಮೆಯಾದರೆ ಹಳಿ ಹಿಡಿಯುವುದಿಲ್ಲ, ಹೆಚ್ಚಾದರೆ ಅರೆಗಳು ಬಾಗುತ್ತವೆ ಇಲ್ಲವೇ ಬಾಗುತುಂಡುಗಳು ಸೀಳುತ್ತವೆ.

ಬೇಸಿಗೆಯಲ್ಲಿ ಸಡಿಲವಾಗುವುದು ಕಬ್ಬಿಣದ ತಪ್ಪಲ್ಲ. ಬಿಸಿಲಿಗೆ ಕಬ್ಬಿಣ ಹಿಗ್ಗುವುದು ಅತ್ಯಲ್ಪ. ಮರದೊಳಗಿನ ತೇವ ಆರಿ ಹೊರಸುತ್ತು ಕುಗ್ಗುವುದೇ ನಿಜವಾದ ಕಾರಣ. ಆಗ ಹಿರಿಯರು ಗಾಲಿಯನ್ನು ಕಳಚಿ ಕೆರೆಯ ಅಂಚಿನ ನೀರಿನಲ್ಲಿ ಒಂದೆರಡು ದಿನ ಇಳಿಸಿಡುತ್ತಿದ್ದರು. ಮರ ನೀರು ಕುಡಿದು ಉಬ್ಬಿ ಹಳಿಯನ್ನು ಮತ್ತೆ ಹಿಡಿಯುತ್ತಿತ್ತು. ಇದು ತಾತ್ಕಾಲಿಕ ಉಪಾಯ ಎಂಬುದು ಅವರಿಗೂ ತಿಳಿದಿತ್ತು. ಮತ್ತೆ ಮತ್ತೆ ಸಡಿಲವಾಗುವ ಹಳಿಯನ್ನು ಕತ್ತರಿಸಿ, ಚಿಕ್ಕದು ಮಾಡಿ, ಬೆಸೆದು ಹೊಸದಾಗಿ ಕಟ್ಟಿಸಲೇಬೇಕು.

ಪ್ರಶ್ನೆ: ಕೀಲೆಣ್ಣೆ ಮತ್ತು ಕಡಾಣಿ ಒಂದೇ ಜಾಗಕ್ಕೆ ಸೇರಿದವೇ? (ವಿದ್ಯಾರ್ಥಿನಿ, ಚಳ್ಳಕೆರೆ)

ಉತ್ತರ: ಎರಡೂ ಅಚ್ಚಿನ ತುದಿಗೆ ಸೇರಿದವು, ಕೆಲಸ ಬೇರೆ ಬೇರೆ. ಕಡಾಣಿ ಅಥವಾ ಕಡೆಗೀಲು ಎಂದರೆ ಗಾಲಿ ಅಚ್ಚಿನಿಂದ ಕಳಚಿ ಬೀಳದಂತೆ ಹೊರತುದಿಯ ತೂತಿನಲ್ಲಿ ತೂರಿಸುವ ಕಬ್ಬಿಣದ ಗೂಟ. ಬೆರಳಿನಷ್ಟು ಉದ್ದದ ಈ ವಸ್ತು ಬಿದ್ದುಹೋದರೆ ಹೇರು ತುಂಬಿದ ಬಂಡಿ ಮಗುಚುತ್ತದೆ. ಕಡೆಗೀಲಿಲ್ಲದ ಬಂಡಿ ಉರುಳಿ ಬೀಳದಿರುವುದೇ ಎಂಬ ಹೋಲಿಕೆಯನ್ನು ಜೇಡರ ದಾಸಿಮಯ್ಯ ತನ್ನ ವಚನದಲ್ಲಿ ತಂದಿರುವುದನ್ನು ನೀವು ಓದಿರಬಹುದು. ಕೀಲೆಣ್ಣೆ ಎಂದರೆ ಅಚ್ಚು ಮತ್ತು ಗುಂಬ ಉಜ್ಜುವ ಜಾಗಕ್ಕೆ ಸವರುವ ಕಪ್ಪನೆಯ ಜಿಡ್ಡು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಅಡಿಗೆ ನೇತುಹಾಕಿರುತ್ತಿದ್ದರು.

ಪ್ರಶ್ನೆ: ನನ್ನ ಮಗಳು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ನೆಲೆಸಿದ್ದಾಳೆ. ಅಲ್ಲಿನ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಲಾಗ ಹಾಕುವ ಹುಡುಗನ ಚಿತ್ರವಿದೆ ಎಂದು ಫೋಟೊ ಕಳಿಸಿದ್ದಾಳೆ. ಇದರ ಹಿನ್ನೆಲೆ ಏನು? (ಓದುಗರು, ಧಾರವಾಡ)

ಉತ್ತರ: ಗಾಲಿಲಾಗವನ್ನು ತನ್ನ ಗುರುತಾಗಿಸಿಕೊಂಡಿರುವ ಊರು ಅದು. ಜರ್ಮನ್ ಭಾಷೆಯಲ್ಲಿಯೂ ಈ ಲಾಗಕ್ಕೆ ಗಾಲಿಯದೇ ಹೆಸರು. ‘ರಾಡ್ ಶ್ಲಾಗೆನ್’ ಎನ್ನುತ್ತಾರೆ, ‘ರಾಡ್’ ಎಂದರೆ ಗಾಲಿ. ಹಾಗೆ ತಿರುಗುವ ಹುಡುಗ ‘ರಾಡ್‌ಶ್ಲೇಗರ್’. ಫ್ರೆಂಚರೂ ಗಾಲಿ ಮಾಡುವುದು ಎಂದೇ ಹೇಳುತ್ತಾರೆ. ನವಿಲು ಗರಿ ಬಿಚ್ಚುವುದಕ್ಕೂ ಈ ಎರಡೂ ಭಾಷೆಗಳಲ್ಲಿ ಇದೇ ಮಾತು ಬಳಕೆಯಲ್ಲಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಡ್ಯುಸೆಲ್‌ಡಾರ್ಫ್‌ನ ಜನ ಇದರ ಮೂಲವನ್ನು 1288ಕ್ಕೆ ಒಯ್ಯುತ್ತಾರೆ. ಆ ವರ್ಷದ ಜೂನ್ 5ರಂದು ವೊರಿಂಗೆನ್ ಎಂಬಲ್ಲಿ ನಡೆದ ಕದನದಲ್ಲಿ ಬೆರ್ಗ್ ಪ್ರಾಂತದ ದೊರೆ ಐದನೆಯ ಅಡಾಲ್ಫ್ ಇದ್ದ ಪಕ್ಷ ಕಲೋನಿನ ಆರ್ಚ್‌ಬಿಷಪ್‌ನ ಸೈನ್ಯವನ್ನು ಸೋಲಿಸಿತು. ಆಗಸ್ಟ್ ತಿಂಗಳಲ್ಲಿ ಡ್ಯುಸೆಲ್‌ಡಾರ್ಫ್‌ಗೆ ಪಟ್ಟಣದ ಹಕ್ಕು ಸಿಕ್ಕಿತು. ಗೆಲುವಿನ ಸುದ್ದಿ ಕೇಳಿದ ಮಕ್ಕಳು ಹಿಗ್ಗಿನಿಂದ ಬೀದಿಯಲ್ಲಿ ಲಾಗ ಹಾಕಿದರೆಂಬುದು ಐತಿಹ್ಯ. ಕದನವೂ ಪಟ್ಟಣದ ಹಕ್ಕೂ ಇತಿಹಾಸ. ಮಕ್ಕಳ ಲಾಗವನ್ನು ಐತಿಹ್ಯವೆಂದೇ ತೆಗೆದುಕೊಳ್ಳಬೇಕು. ಇನ್ನೊಂದು ಕಥೆ ನಮ್ಮ ಇವತ್ತಿನ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ರಾಜಮನೆತನದ ಮದುವೆಯ ಮೆರವಣಿಗೆಯಲ್ಲಿ ಸಾರೋಟಿನ ಗಾಲಿಯೊಂದು ಕೈಕೊಟ್ಟಾಗ, ಒಬ್ಬ ಹುಡುಗ ತಾನೇ ಗಾಲಿಯಾಗಿ ತಿರುಗಿ ಮೆರವಣಿಗೆಯ ಮಾನ ಉಳಿಸಿದನಂತೆ. ಹೀಗೆ ನಡೆದಿರಲು ಸಾಧ್ಯವಿಲ್ಲ. ಆದರೂ ಗಾಲಿ ಮತ್ತು ಮೈ ಎರಡನ್ನೂ ಒಂದೇ ಅಚ್ಚಿಗೆ ಕೂರಿಸಿದ ಆ ಕಥೆಗಾರರ ಕಣ್ಣನ್ನು ಮೆಚ್ಚದಿರಲಾರೆ.

ಬೀದಿಯಲ್ಲಿ ಲಾಗ ಹಾಕಿ ದಾರಿಹೋಕರಿಂದ ಕಾಸು ಕೇಳುವುದು ಅಲ್ಲಿನ ಮಕ್ಕಳ ಹಳೆಯ ರೂಢಿ. 1937ರಲ್ಲಿ ಇದಕ್ಕಾಗಿ ಪಂದ್ಯಾವಳಿಯೇ ಆರಂಭವಾಯಿತು. ಹಳೆಯ ಪಟ್ಟಣದ ಬುರ್ಗ್‌ಪ್ಲಾಟ್ಸ್ ಚೌಕದಲ್ಲಿ ರಾಡ್‌ಶ್ಲೇಗರ್‌ ಹುಡುಗರ ಕಾರಂಜಿಯೂ ಇದೆ. ನಿಮ್ಮ ಮಗಳಿಗೆ ಅದರ ಫೋಟೊವನ್ನೂ ಕಳಿಸಲು ಹೇಳಿ.

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಗಾಡಿಗಳ ಗಾಲಿಗಳು ಚಪ್ಪಟೆಯಾಗಿರದೆ ಊಟದ ತಟ್ಟೆಯ ಹಾಗೆ ತಗ್ಗಾಗಿರುತ್ತವೆ. ಇದು ಸವೆದು ಆದದ್ದೇ, ಬೇಕೆಂದೇ ಮಾಡಿದ್ದೇ? (ಓದುಗರು, ಬೆಂಗಳೂರು)

ಉತ್ತರ: ಬೇಕೆಂದೇ ಮಾಡಿದ್ದು. ಕುದುರೆ ಹೆಜ್ಜೆ ಹಾಕುವಾಗ ಗಾಡಿಯ ಹೇರು ಎಡಕ್ಕೂ ಬಲಕ್ಕೂ ತೊನೆಯುತ್ತದೆ. ಪ್ರತಿ ತೊನೆತದಲ್ಲಿಯೂ ಅಚ್ಚು ಗುಂಬವನ್ನು ಹೊರಕ್ಕೆ ತಳ್ಳುತ್ತದೆ. ಅರೆಗಳು ಚಪ್ಪಟೆಯಾಗಿ ನಿಂತಿದ್ದರೆ ಈ ಅಡ್ಡಹೊಡೆತಕ್ಕೆ ಅವುಗಳ ಬುಡ ಅಲ್ಲಾಡಿ ಸಡಿಲವಾಗುತ್ತದೆ. ಅವನ್ನು ಗುಂಬದಿಂದ ತುಸು ಹೊರಮುಖವಾಗಿ ಓರೆಯಾಗಿ ಕೂರಿಸಿದರೆ, ಹೊಡೆತ ಬಿದ್ದಾಗಲೆಲ್ಲ ಹಳಿಯ ಬಿಗಿತ ಅವನ್ನು ತಡೆದು ನಿಲ್ಲಿಸುತ್ತದೆ. ಅರೆ ಓರೆಯಾದರೆ ಭಾರ ಹೊರುವುದು ಹೇಗೆ ಎಂದು ನೀವು ಕೇಳಬಹುದು. ಅದಕ್ಕಾಗಿ ಅಚ್ಚಿನ ತುದಿಯನ್ನು ಸ್ವಲ್ಪ ಕೆಳಮುಖವಾಗಿ ಇಳಿಸಿರುತ್ತಾರೆ. ಇದರಿಂದ ಕೆಳಕ್ಕೆ ಬಂದ ಅರೆ ಆ ಕ್ಷಣಕ್ಕೆ ಕಂಬದಂತೆ ನೆಟ್ಟಗಾಗುತ್ತದೆ.

ಮರದ ಆಯ್ಕೆಯಲ್ಲಿಯೂ ಆ ಬಡಗಿಗಳು ಇದೇ ಎಚ್ಚರ ತೋರಿದ್ದಾರೆ. ಎಷ್ಟು ತೂತು ಕೊರೆದರೂ ಸೀಳದ ಎಲ್ಮ್ ಮರ ಗುಂಬಕ್ಕೆ, ಭಾರಕ್ಕೆ ಜಗ್ಗದ ಓಕ್ ಅರೆಗೆ, ಪೆಟ್ಟನ್ನು ಬಾಗಿ ತಾಳುವ ಆಶ್ ಹೊರಸುತ್ತಿಗೆ. ನಮ್ಮ ಬಯಲುಸೀಮೆಯಲ್ಲಿ ಗಾಲಿಗೆ ಹೆಸರಾದದ್ದು ಕರಿಜಾಲಿ. ಗಟ್ಟಿತನವೂ ಒರಟು ಬಳಕೆಯನ್ನು ತಾಳುವ ಗುಣವೂ ಅದರಲ್ಲಿ ಒಟ್ಟಿಗೇ ಇವೆ.

ಪ್ರಶ್ನೆ: ಒಂಬತ್ತು ವರ್ಷದ ನನ್ನ ಮಗಳು ಈ ಲಾಗವನ್ನು ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಪ್ರತಿ ಸಲವೂ ಕಾಲು ಅರ್ಧಕ್ಕೇ ಮಡಚಿ ಪಕ್ಕಕ್ಕೆ ಬೀಳುತ್ತಾಳೆ. ಮನೆಯ ಹಿರಿಯರು ಹೆಣ್ಣುಮಕ್ಕಳಿಗೆ ಇದೆಲ್ಲ ಬೇಡ ಎನ್ನುತ್ತಾರೆ. (ತಾಯಿ, ಶಿವಮೊಗ್ಗ)

ಉತ್ತರ: ಹಿರಿಯರಿಗೆ ಮೊದಲು ಉತ್ತರಿಸುತ್ತೇನೆ. ಜಿಮ್ನಾಸ್ಟಿಕ್ಸ್‌ನಲ್ಲಿ ಹೆಣ್ಣುಮಕ್ಕಳು 5 ಮೀಟರ್ ಉದ್ದ, ಕೇವಲ 10 ಸೆಂಟಿಮೀಟರ್ ಅಗಲ ಇರುವ, ನೆಲದಿಂದ 1.25 ಮೀಟರ್ ಎತ್ತರದ ತೊಲೆಯ ಮೇಲೆ ಈ ಲಾಗವನ್ನು ಹಾಕುತ್ತಾರೆ. ಪಳಗಿದವರು ಕೈಯನ್ನೇ ಊರದೆ ಗಾಳಿಯಲ್ಲಿ ತಿರುಗಿ ಅದೇ ತೊಲೆಯ ಮೇಲೆ ಇಳಿಯುತ್ತಾರೆ. ತೊಲೆಯ ಮೇಲಿನ ಸ್ಪರ್ಧೆ ಹೆಂಗಸರ ವಿಭಾಗದಲ್ಲಿ ಮಾತ್ರ ಇದೆ, ಗಂಡಸರ ವಿಭಾಗದಲ್ಲಿ ಇಲ್ಲ. ಆದ್ದರಿಂದ ಹೆಣ್ಣುಮಗು ಎಂಬ ಕಾರಣಕ್ಕೆ ದಯವಿಟ್ಟು ಅವಳನ್ನು ತಡೆಯಬೇಡಿ. ಕೆಳಗೊಂದು ಚಡ್ಡಿಯೋ ಪೈಜಾಮವೋ ತೊಡಿಸಿ ಹುಲ್ಲಿನ ಮೇಲೆ ಬಿಡಿ.

ನೀವು ಬರೆದ ಲಕ್ಷಣವನ್ನು ನೋಡಿದರೆ ಅವಳು ತಲೆಕೆಳಗಾಗುವ ಹೆದರಿಕೆಯಿಂದ ಸೊಂಟವನ್ನು ಮೇಲಕ್ಕೆ ಬಿಡುತ್ತಿಲ್ಲ. ಮೇಲಿನ ಮಾತಿನಲ್ಲಿ ಹೇಳುವುದಾದರೆ, ಗುಂಬ ಕೈಗಳ ನೇರಕ್ಕೆ ಬರುವ ಮೊದಲೇ ಅರೆ ಮಡಚಿಕೊಳ್ಳುತ್ತಿದೆ. ಇದಕ್ಕೆ ಬೈಗುಳ ಮದ್ದಲ್ಲ. ಮೊದಲ ವಾರ ಪೂರ್ತಿ ಲಾಗ ಬೇಡವೇ ಬೇಡ. ಎರಡೂ ಅಂಗೈಗಳನ್ನು ಹುಲ್ಲಿನ ಮೇಲೆ ಊರಿ, ಮೊಣಕೈ ನೆಟ್ಟಗಿಟ್ಟು, ಒಂದು ಬದಿಯಿಂದ ಇನ್ನೊಂದು ಬದಿಗೆ ಕಾಲುಗಳನ್ನು ಸಣ್ಣದಾಗಿ ನೆಗೆಸಲಿ. ಕೈಯ ಮೇಲೆ ಮೈಭಾರ ನಿಲ್ಲುತ್ತದೆ ಎಂಬ ನಂಬಿಕೆ ಬಂದಂತೆ ಕಾಲು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಬಳಿಕ ನೆಲದ ಮೇಲೆ ಸೀಮೆಸುಣ್ಣದಿಂದಲೋ ಹಗ್ಗದಿಂದಲೋ ಒಂದು ಗೆರೆ ಮಾಡಿ. ಕೈಗಳು ಕಿವಿಗೆ ತಾಗುವಂತೆ ಎತ್ತಿ, ಗೆರೆಯ ಮೇಲೆ ಒಂದು ಕಾಲು ಮುಂದಿಟ್ಟು, ಮೊಣಕಾಲು ಬಾಗಿಸಿ, ಅದೇ ಕಡೆಯ ಕೈಯನ್ನು ಮೊದಲು ಊರಬೇಕು. ಕೈಯನ್ನು ಕಾಲಿಗೆ ತೀರ ಹತ್ತಿರ ಊರಿದರೆ ಮೈ ಗುಂಡಗಾಗಿ ಮುದುಡುತ್ತದೆ, ಆದ್ದರಿಂದ ಚಾಚಿ ದೂರಕ್ಕೆ ಊರಲಿ. ಹಿಂದಿನ ಕಾಲನ್ನು ಬೀಸಿ ಎತ್ತುವಾಗ ಮುಂದಿನ ಕಾಲಿನಿಂದ ನೆಲವನ್ನು ಒದೆಯಬೇಕು. ಕಣ್ಣು ಎರಡು ಕೈಗಳ ನಡುವಿನ ನೆಲವನ್ನು ನೋಡುತ್ತಿರಬೇಕು. ಕಾಲುಗಳು ಮೇಲಿರುವಾಗ ಅಗಲವಾಗಿ ತೆರೆದಿದ್ದರೆ ಗಾಲಿಯ ಆಕಾರ ಬರುತ್ತದೆ, ತಿರುಗುವುದೂ ಸುಲಭವಾಗುತ್ತದೆ.

ಎಡವೋ ಬಲವೋ ಎಂಬುದನ್ನು ಅವಳಿಗೇ ಬಿಡಿ. ನೀವು ಹಿಡಿಯುವುದಾದರೆ ಅವಳ ಬೆನ್ನಿನ ಕಡೆ ನಿಂತು ಸೊಂಟವನ್ನು ಹಿಡಿಯಿರಿ. ಎದುರಿಗೆ ನಿಂತರೆ ಒದೆ ಬೀಳುತ್ತದೆ. ಸಿಮೆಂಟಿನ ಅಂಗಳದಲ್ಲಿ, ನುಣುಪಾದ ಟೈಲ್ಸ್ ನೆಲದ ಮೇಲೆ ಖಂಡಿತ ಬೇಡ. ಮುಂಗೈ ಕೀಲಿನಲ್ಲಿ ನೋವೆಂದರೆ ಆ ದಿನಕ್ಕೆ ನಿಲ್ಲಿಸಿ. ನೋವು ಎರಡು ಮೂರು ದಿನ ಉಳಿದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಅಜ್ಜನ ಕಾಲದ ಗಾಡಿಯ ಎರಡು ಗಾಲಿಗಳು ನಮ್ಮ ಹಿತ್ತಲಿನಲ್ಲಿವೆ. ಈಗ ಊರಲ್ಲೆಲ್ಲ ಟೈರ್ ಗಾಡಿಗಳೇ. ಅವನ್ನು ಬಣ್ಣ ಹೊಡೆದು ತೋಟದ ಬಾಗಿಲಿಗೆ ನಿಲ್ಲಿಸಬಹುದೇ? (ಓದುಗರು, ಮಂಡ್ಯ)

ಉತ್ತರ: ಮೊದಲು ಗಾಲಿಯನ್ನು ಎತ್ತಿ ಹಿಡಿದು ಅರೆಗಳನ್ನು ಮರದ ಸುತ್ತಿಗೆಯಿಂದ ಒಂದೊಂದಾಗಿ ತಟ್ಟಿ ನೋಡಿ. ಎಲ್ಲವೂ ಗಣಿಲ್ ಎಂದರೆ ಕೀಲುಗಳು ಇನ್ನೂ ಬಿಗಿಯಾಗಿವೆ; ಅಂಥ ಗಾಲಿಯನ್ನು ಗಾಡಿ ಹೂಡುವವರಿಗೆ ಕೊಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ, ಏಕೆಂದರೆ ಹೊಸ ಮರದ ಗಾಲಿ ಮಾಡುವ ಬಡಗಿಗಳು ವಿರಳವಾಗಿದ್ದಾರೆ. ಬೊದ್ದು ಸದ್ದು ಬಂದರೆ ಅದು ಉರುಳುವ ಕಾಲ ಮುಗಿದಿದೆ, ತೋಟದಲ್ಲಿ ನಿಲ್ಲಿಸಿ.

ದಪ್ಪನೆಯ ಪೇಂಟ್ ಬಳಿಯಬೇಡಿ. ಅದು ಮೇಲಿನಿಂದ ಚೆನ್ನಾಗಿ ಕಂಡರೂ ಬಿರುಕಿನಲ್ಲಿ ಹೊಕ್ಕ ಮಳೆನೀರನ್ನು ಒಳಗೇ ಹಿಡಿದಿಟ್ಟು ಮರವನ್ನು ಕೊಳೆಸುತ್ತದೆ. ಒಣ ದಿನಗಳಲ್ಲಿ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಉಜ್ಜಿ, ಅದು ಹೀರಿಕೊಂಡ ಮೇಲೆ ಇನ್ನೊಮ್ಮೆ ಉಜ್ಜಿ. ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆಯದೆ ಬಿಸಿಲಿಗೆ ಹರಡಿ ಒಣಗಿಸಿ, ಇಲ್ಲವಾದರೆ ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಗಾಲಿಯ ಅಡಿ ಮಣ್ಣಿಗೆ ತಾಗಿದರೆ ಗೆದ್ದಲು ಹತ್ತುವುದು ಖಚಿತ, ಆದ್ದರಿಂದ ಅದರ ಕೆಳಗೆ ಒಂದು ಚಪ್ಪಡಿ ಕಲ್ಲನ್ನು ಹಾಕಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಗಾಲಿಯನ್ನು ಕಾಲುಸುತ್ತು ಉರುಳಿಸಿ ನಿಲ್ಲಿಸಿ. ಒಂದೇ ಬಾಗುತುಂಡು ಸದಾ ತೇವದಲ್ಲಿ ನಿಲ್ಲುವುದು ತಪ್ಪುತ್ತದೆ.